ಅಡಿಕೆ ಸುಲಿಯುವಾಗ ಟಿವಿಯಲ್ಲಿ ಯಾವುದು ಹಾಕಬೇಕು?

ನಮ್ಮ ಮನೆ ತೀರ್ಥಹಳ್ಳಿ ಕಡೆ. ಕೊನೆ ಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಶುರುವಾಯಿತು ಅಂದರೆ ಸಂಜೆಯಿಂದ ರಾತ್ರಿ ಹತ್ತೂವರೆವರೆಗೆ ಜಗಲಿಯಲ್ಲಿ ಹಸಿ ಅಡಿಕೆ ರಾಶಿ. ಸುತ್ತ ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಇಟ್ಟುಕೊಂಡು ಐದಾರು ಜನ. ಕೊಯ್ದ ಕಾಯಿ ನಮಗಾಗಿ ಕಾಯುವುದಿಲ್ಲ, ಸುಲಿದು ಬೇಯಿಸಿ ಒಣಗಲು ಹಾಕಲೇಬೇಕು. ಟಿವಿಯನ್ನೂ ಜಗಲಿಗೇ ತಂದಿಟ್ಟಿದ್ದೇವೆ. ಇರುವುದು ಒಂದೇ ರಿಮೋಟ್, ಅದಕ್ಕೆ ನಾಲ್ಕು ಜನ ವಾರಸುದಾರರು.

ಈ ಸಲ ನಾನೊಂದು ಪರೀಕ್ಷೆ ಇಟ್ಟೆ. ಕತೆ, ನಟನೆ, ಸೀರೆ ಎಲ್ಲ ಆಮೇಲೆ. ಕಣ್ಣು ಕತ್ತಿಯ ಮೇಲೆ ಇದ್ದಾಗ ಬರೀ ಕಿವಿಗೆ ಕತೆ ಸಿಗುತ್ತದಾ? ಇದೇ ಮೊದಲ ಪ್ರಶ್ನೆ. ತಮಾಷೆಗೆ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ಒಂದು ಧಾರಾವಾಹಿಯಲ್ಲಿ (ಹೆಸರು ಬೇಡ ಬಿಡಿ) ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ತಲೆ ಎತ್ತಿದೆ. ಹೆಬ್ಬೆರಳಿಗೆ ಮೂರು ಹೊಲಿಗೆ ಬಿತ್ತು. ಆ ತಾಳಿಯನ್ನು ಕೊನೆಗೂ ಕಟ್ಟಲಿಲ್ಲ.

ಮೊದಲು ಅತ್ತೆಯ ಪಾಲು, ಕಲರ್ಸ್ ಕನ್ನಡದ ‘ಭಾಗ್ಯಲಕ್ಷ್ಮಿ’. 2022ರಿಂದ ನೋಡುತ್ತಿದ್ದಾರೆ. ಸುಷ್ಮಾ ರಾವ್ ಅವರ ಭಾಗ್ಯ ಮಕ್ಕಳು ದೊಡ್ಡವರಾದ ಮೇಲೆ ಎಸ್ಸೆಸ್ಸೆಲ್ಸಿ ಬರೆಯಲು ಶಾಲೆಗೆ ಹೋದಳಲ್ಲ, ಆ ದಿನಗಳಲ್ಲಿ ನಮ್ಮಲ್ಲಿ ಸುಲಿಯಲು ಬರುವ ಹೆಂಗಸರೂ ಪರೀಕ್ಷೆಗೆ ಕೂತವರ ಹಾಗೆ ಚಡಪಡಿಸಿದ್ದರು. ಕಿವಿಗೆ ಇದು ಸಲೀಸು. ಪದ್ಮಜಾ ರಾವ್ ಅವರ ಕುಸುಮತ್ತೆ ಬಾಯಿ ತೆಗೆದರೆ ಟಿವಿ ನೋಡಬೇಕಾಗಿಯೇ ಇಲ್ಲ, ಯಾರಿಗೆ ಬೈಗುಳ, ಯಾಕೆ ಅಂತ ಎಲ್ಲ ಗೊತ್ತಾಗುತ್ತದೆ. ಮಗನ ಕಡೆ ನಿಲ್ಲದೆ ಸೊಸೆಯ ಕಡೆ ನಿಲ್ಲುವ ಅತ್ತೆ ಅವಳು. "ಇಂಥ ಅತ್ತೆ ಎಲ್ಲಿ ಸಿಗ್ತಾಳೆ ನೋಡು" ಅಂದರು ನಮ್ಮತ್ತೆ. ನಾನು ಸುಮ್ನೆ ಅಡಿಕೆ ಸುಲಿದೆ.

ತಕರಾರು ಇರುವುದು ಎಳೆತದ್ದು. ಭಾಗ್ಯಳಿಗೆ ಒಂದು ಅವಮಾನ ಆಯಿತು ಅಂದರೆ ಅದು ವಾರಗಟ್ಟಲೆ ನಡೆಯುತ್ತದೆ. ಗಾಳಿಗೆ ಲೈನ್ ಮೇಲೆ ಮರ ಬಿದ್ದು ನಮಗೆ ಮೂರು ದಿನ ಕರೆಂಟ್ ಇರಲಿಲ್ಲ. ನಾಲ್ಕನೇ ದಿನ ಹಾಕಿದರೆ ಎಲ್ಲರೂ ಅದೇ ಹಾಲ್‌ನಲ್ಲಿ ಅದೇ ಸೀರೆಯಲ್ಲಿ ನಿಂತಿದ್ದರು. ಮಲೆನಾಡಿನ ಕರೆಂಟಿಗೆ ಇದು ಅನುಕೂಲವೇ ಅನ್ನಿ.

ನನ್ನ ಪಾಲಿನದು ಜೀ ಕನ್ನಡದ ‘ಅಮೃತಧಾರೆ’, 2023ರಲ್ಲಿ ಶುರುವಾದದ್ದು. ಮೂಲ ಹಿಂದಿಯದಾದರೂ ನನಗೆ ಅದರ ವಾಸನೆ ಬರುವುದಿಲ್ಲ. ವಯಸ್ಸು ಸ್ವಲ್ಪ ದಾಟಿದ ಮೇಲೆ ಮದುವೆಯಾದ ಗೌತಮ್ ಮತ್ತು ಭೂಮಿಕಾ, ಅಂದರೆ ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್. ರಾಜೇಶ್ ರಂಗಭೂಮಿಯಿಂದ ಬಂದವರು. ಮೆಲ್ಲಗೆ ಮಾತಾಡಿದರೂ ಒಂದಕ್ಷರ ನುಂಗುವುದಿಲ್ಲ. ಹಂಡೆಯ ಕೆಳಗೆ ಸೌದೆ ಚಟಪಟ ಅನ್ನುವಾಗಲೂ ಅವರ ಮಾತು ಕೇಳಿಸುತ್ತದೆ. ಅವರ ಸಂಸಾರದಲ್ಲಿ ಬೈಗುಳಕ್ಕಿಂತ ಸಂಕೋಚ ಜಾಸ್ತಿ. ನನಗೆ ಇಷ್ಟವಾಗುವುದು ಅದೇ.

ಇಲ್ಲೇ ನನ್ನ ಹಳೆಯ ಅಭಿಪ್ರಾಯವೊಂದು ತಿರುಗಿಬಿತ್ತು. ಗೌತಮ್‌ನ ಮಲತಾಯಿ, ವನಿತಾ ವಾಸು ಅವರ ಶಕುಂತಲಾ, ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಾಳಲ್ಲ, "ನಿನಗೆ ಬುದ್ಧಿ ಕಲಿಸ್ತೀನಿ" ಅನ್ನುವ ಥರ. ಅದನ್ನು ಮೊದಲೆಲ್ಲ ಆಡಿಕೊಳ್ಳುತ್ತಿದ್ದೆ. ಯಾರಾದರೂ ಹಾಗೆ ಉದ್ದುದ್ದ ಯೋಚಿಸುತ್ತಾರಾ? ಆದರೆ ಕತ್ತಿಯ ಮುಂದೆ ಕೂತಾಗ ಅದರ ಬೆಲೆ ಗೊತ್ತಾಯಿತು. ಅವಳು ಏನು ಸಂಚು ಹೂಡುತ್ತಿದ್ದಾಳೆ ಅಂತ ಮುಖ ನೋಡದೆಯೇ ತಿಳಿಯುತ್ತದೆ. ಕೈಕೆಲಸ ಮಾಡುತ್ತಾ ನೋಡುವವರಿಗೆಂದೇ ಆ ಪದ್ಧತಿ ಬಂದಿರಬೇಕು. ನಿಜವಾಗಿ ಕಾಟ ಕೊಡುವುದು ಮೌನ. ಮ್ಯೂಸಿಕ್ ಢಣ್ ಅನ್ನುತ್ತದೆ, ಒಬ್ಬೊಬ್ಬರ ಮುಖವನ್ನೇ ಮೂರು ಮೂರು ಸಲ ತೋರಿಸುತ್ತಾರೆ, ಮಾತೇ ಇಲ್ಲ. ಏನಾಯಿತು ಏನಾಯಿತು ಅಂತ ಎಲ್ಲರೂ ತಲೆ ಎತ್ತುತ್ತಾರೆ. ಈ ಚಾಳಿ ಎರಡೂ ಧಾರಾವಾಹಿಗಳಲ್ಲಿದೆ, ಅಮೃತಧಾರೆಯಲ್ಲಿ ತುಸು ಕಡಿಮೆ ಅಂತ ನನ್ನ ಲೆಕ್ಕ. ಅತ್ತೆ ಒಪ್ಪುವುದಿಲ್ಲ.

ಮಗಳ ಪಾಲಿನದು ‘ಬಿಗ್ ಬಾಸ್’ ಹನ್ನೆರಡನೇ ಸೀಸನ್. 2025ರ ಸೆಪ್ಟೆಂಬರ್ ಕೊನೆಗೆ ಶುರುವಾಯಿತು. ಹೆಚ್ಚುಕಡಿಮೆ ನಮ್ಮ ಅಡಿಕೆ ಸುಗ್ಗಿಯ ಜೊತೆಗೇ ಬರುತ್ತದೆ. ಅಕ್ಟೋಬರ್‌ನಲ್ಲಿ ಬಿಡದಿಯ ಬಿಗ್ ಬಾಸ್ ಮನೆಗೇ ಬೀಗ ಬಿದ್ದಾಗ ಮಗಳಿಗೆ ಊಟ ಸೇರಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಇದು ಸುಲಿಯುವವರ ಶತ್ರು. ಒಂದೋ ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ, ಯಾರದು ಯಾವ ದನಿ ತಿಳಿಯದು. ಇಲ್ಲವೇ ಮೂಲೆಯಲ್ಲಿ ಗುಸುಗುಸು. ಗುಸುಗುಸು ಬಂದಾಗ ಪರದೆಯ ಮೇಲೆ ಅಕ್ಷರ ಬರುತ್ತದೆ, ಅದನ್ನು ಓದಬೇಕು. ಓದುತ್ತಾ ಸುಲಿದ ಒಂದು ರಾತ್ರಿ, ಸುಲಿದ ಅಡಿಕೆ ಹಾಕುವ ನನ್ನ ಡಬ್ಬ ಅರ್ಧವೂ ತುಂಬಲಿಲ್ಲ.

ಶನಿವಾರ ಮಾತ್ರ ಕತೆಯೇ ಬೇರೆ. ಸುದೀಪ್ ಬಂದು ನಿಂತರೆ ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ವಾರ ಪೂರ್ತಿ ಏನಾಯಿತು ಅಂತ ಅವರೇ ಬಿಡಿಸಿ ಹೇಳುತ್ತಾರೆ. ಹಾಗಾಗಿ ಐದು ದಿನ ನೋಡದಿದ್ದರೂ ನಷ್ಟವಿಲ್ಲ. ಶಿವಮೊಗ್ಗದಲ್ಲಿ ಹುಟ್ಟಿದವರು ಅಂತ ನಮ್ಮ ಮಾವ ಪಕ್ಷಪಾತ ಮಾಡುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ಸೀಸನ್‌ನಲ್ಲಿ ಹಳ್ಳಿ ಹಾಡುಗಾರ ಹನುಮಂತ ಮಧ್ಯದಲ್ಲಿ ಒಳಗೆ ಹೋಗಿ ಗೆದ್ದನಲ್ಲ, ಆಗ ವಾರದ ದಿನವೂ ಕಿವಿಗೆ ಹಿತವಾಗಿತ್ತು. ಮಾತು ಕಡಿಮೆ, ಹಾಡು ಜಾಸ್ತಿ.

ಮಾವನ ಆಯ್ಕೆ ‘ಥಟ್ ಅಂತ ಹೇಳಿ’. ಚಂದನದಲ್ಲಿ 2002ರಲ್ಲಿ ಶುರುವಾದ ಕಾರ್ಯಕ್ರಮ. ನಾವು ಹಾಕುವುದು ಯೂಟ್ಯೂಬ್‌ನಲ್ಲಿರುವ ಹಳೆಯ ಕಂತುಗಳನ್ನು. ಡಾಕ್ಟರ್ ನಾ. ಸೋಮೇಶ್ವರ ಕೇಳುತ್ತಾರೆ, ಜಗಲಿಯಲ್ಲಿ ನಾವು ಕೂಗುತ್ತೇವೆ, ಸರಿ ಹೇಳಿದವರಿಗೆ ಅಲ್ಲಿ ಪುಸ್ತಕ. ಇಲ್ಲಿ ಏನೂ ಇಲ್ಲ, ಮಾವನ "ಭಲೇ" ಒಂದೇ. ಕಣ್ಣು ಎತ್ತಬೇಕಾದ್ದು ಚಿತ್ರ ತೋರಿಸಿ ಕೇಳುವಾಗ ಮಾತ್ರ. ಡಬ್ಬ ಬೇಗ ತುಂಬಿದ್ದು ಇದರಲ್ಲೇ, ಅದನ್ನು ಒಪ್ಪಲೇಬೇಕು. ಆದರೆ ಒಂದು ಗಂಟೆ ಆದಮೇಲೆ ಸುಲಿಯುವ ಹೆಂಗಸರು ಆಕಳಿಸಲು ಶುರು ಮಾಡಿದರು. "ಅಮ್ಮಾ, ಭಾಗ್ಯ ಏನಾದ್ಲು, ಸ್ವಲ್ಪ ಹಾಕಿ" ಅಂದರು. ನಾಳೆ ಏನಾಗುತ್ತದೋ ಅನ್ನುವ ಕುತೂಹಲ ಕ್ವಿಜ್‌ಗೆ ಎಲ್ಲಿಂದ ಬರಬೇಕು?

ಈಗ ನಮ್ಮಲ್ಲಿ ಆಗಿರುವ ಒಪ್ಪಂದ ಹೀಗಿದೆ. ವಾರದ ದಿನ ಮೊದಲು ಅತ್ತೆಯದು, ಆಮೇಲೆ ನನ್ನದು. ಬಿಗ್ ಬಾಸ್ ಬೇಕಾದರೆ ಮಗಳು ಮೊಬೈಲ್‌ನಲ್ಲಿ ನೋಡಿಕೊಳ್ಳಬೇಕು. ಶನಿವಾರ ಎಲ್ಲರಿಗೂ ಸುದೀಪ್. ಕರೆಂಟ್ ಹೋದ ದಿನ ಮಾವನ ಮೊಬೈಲ್‌ನಲ್ಲಿ ಸೋಮೇಶ್ವರ.

ಇದು ಎಷ್ಟು ವರ್ಷ ನಡೆಯುತ್ತದೋ. ಮುಂದಿನ ಸುಗ್ಗಿಗೆ ಸುಲಿಯುವ ಮೆಷಿನ್ ತರುತ್ತೇನೆ ಅನ್ನುತ್ತಿದ್ದಾರೆ ನಮ್ಮವರು. ಪಕ್ಕದ ಮನೆಯಲ್ಲಿ ಆಗಲೇ ಬಂದಿದೆ. ಅದರ ಸದ್ದಿನಲ್ಲಿ ಕುಸುಮತ್ತೆಯ ಬಾಯಿಯೂ ಕೇಳುವುದಿಲ್ಲ, ಗೌತಮ್ ದನಿಯೂ ಕೇಳುವುದಿಲ್ಲ. ಮಗಳಿಗೆ ಮಾತ್ರ ಖುಷಿಯೋ ಖುಷಿ. ಅವಳ ಗುಸುಗುಸುಗೆ ಅಕ್ಷರ ಬರುತ್ತದಲ್ಲ.