ಮಗುವಿಗೆ ಬನಿಯನ್ ಬಟ್ಟೆ: ಮಂಗಳೂರಿನ ಒಂದು ಬೇಸಿಗೆ, ಒಂದು ಮಳೆಗಾಲ ಕಂಡ ಮೇಲೆ

ಹಂಪನಕಟ್ಟೆಯಲ್ಲಿ ಮಗುವಿಗೆ ಎರಡು ಥರದ ಜಬಲಾ ತಂದಿದ್ದೆವು. ಎರಡೂ ತಿರುಪ್ಪೂರಿನ ಮಾಲು, ಎರಡರ ಚೀಟಿಯಲ್ಲೂ '100% ಕಾಟನ್'. ಒಂದು ತೆಳ್ಳಗಿನ ಸಿಂಗಲ್ ಜೆರ್ಸಿ, ಬನಿಯನ್ ಬಟ್ಟೆ ಅಂತೀವಲ್ಲ, ಅದು. ಇನ್ನೊಂದು ಇಂಟರ್‌ಲಾಕ್. ದಪ್ಪ, ಒಳಗೂ ಹೊರಗೂ ಒಂದೇ ಥರ, ಮುಟ್ಟಿದರೆ ಬೆಣ್ಣೆ. ಬೆಲೆಯೂ ಜಾಸ್ತಿ.

ನಮ್ಮೂರಿಗೆ ತೆಳ್ಳಗಿನದೇ ಸರಿ.

ಏಪ್ರಿಲ್ ಸೆಕೆಯಲ್ಲಿ ಮಗು ನಿದ್ದೆಯಿಂದ ಏಳುವಾಗ ಬೆನ್ನೆಲ್ಲ ಒದ್ದೆ. ಜೆರ್ಸಿ ಬೆವರು ಹೀರಿ ಫ್ಯಾನ್ ಗಾಳಿಗೆ ಬೇಗ ಆರುತ್ತದೆ. ಇಂಟರ್‌ಲಾಕ್ ಹೀರುವುದೇನೋ ಜಾಸ್ತಿ, ಆದರೆ ಬಿಡುವುದಿಲ್ಲ. ಮೇಲೆ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ಕೈ ಹಾಕಿದರೆ ತಣ್ಣಗೆ ಅಂಟುತ್ತದೆ. ಕತ್ತಿನ ಹಿಂದೆ ಬೆವರುಸಾಲೆ ಎದ್ದದ್ದು ಅದನ್ನು ಹಾಕಿದ ದಿನಗಳಲ್ಲೇ.

ಹತ್ತಿಯ ಗುಣವೇ ಹಾಗೆ. ನೀರನ್ನು ನೂಲಿನ ಸಂದಿಯಲ್ಲಷ್ಟೇ ಅಲ್ಲ, ಎಳೆಯ ಒಳಗೂ ಎಳೆದುಕೊಳ್ಳುತ್ತದೆ. ಗಾಳಿಯ ತೇವ 65% ಇದ್ದರೆ, ಒಣಗಿದ ಹತ್ತಿಯಲ್ಲೂ ಅದರ ತೂಕದ ಸುಮಾರು 8% ನೀರು ಇರುತ್ತದೆ. ಪಾಲಿಯೆಸ್ಟರ್‌ನಲ್ಲಿ ಅರ್ಧ ಪರ್ಸೆಂಟೂ ಇಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ (ಜುಲೈ-ಆಗಸ್ಟ್) ನಮ್ಮ ಗಾಳಿಯ ತೇವ ಇದಕ್ಕಿಂತ ಎಷ್ಟೋ ಮೇಲೆ, ಅಲ್ವಾ? ಬಟ್ಟೆ ದಪ್ಪವಾದಷ್ಟೂ ಒಣಗಿಸುವ ಕೆಲಸ ಜಾಸ್ತಿ.

ಮಳೆಗಾಲದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ರಾತ್ರಿ ಫ್ಯಾನ್ ಕೆಳಗೆ ಹರವಿದ ಜೆರ್ಸಿ ಬೆಳಿಗ್ಗೆ ಹಾಕುವ ಹಾಗಿರುತ್ತದೆ. ಇಂಟರ್‌ಲಾಕ್‌ನ ಮೈ ಒಣಗಿದರೂ ಕತ್ತಿನ ಪಟ್ಟಿ, ಬಟನ್ ಇರುವ ಅಂಚು ಹಸಿಹಸಿ. ಹಾಗೇ ಮಡಚಿಟ್ಟರೆ ಮುಗ್ಗಲು ವಾಸನೆ. ಅತ್ತೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿಕೊಟ್ಟರು. ಒಣಗಿತು, ಆದರೆ ಮಗು ಹೊಗೆ ಹೊಗೆ!

ಹೊಸ ಬಟ್ಟೆ ಮೊದಮೊದಲು ನೀರನ್ನು ಸರಿಯಾಗಿ ಹೀರುವುದಿಲ್ಲ, ಕೆಲವು ಸಲ ಒಗೆದ ಮೇಲೆ ಸರಿಹೋಗುತ್ತದೆ. ಕಂಡಿಷನರ್ ಹಾಕಬೇಡಿ. ಅದು ಎಳೆಯ ಮೇಲೆ ಪದರ ಕಟ್ಟಿ ಹೀರುವ ಶಕ್ತಿ ಕಡಿಮೆ ಮಾಡುತ್ತದೆ.

ಜೆರ್ಸಿಯಲ್ಲಿ ತಕರಾರು ಇಲ್ಲವೆಂದಲ್ಲ. ಉದ್ದ ಕುಗ್ಗುತ್ತದೆ, ಒಂದು ಸೈಜ್ ದೊಡ್ಡದೇ ತನ್ನಿ. ಭುಜ ಹಿಡಿದು ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಕತ್ತು ಅಗಲವಾಗುತ್ತದೆ, ಹಗ್ಗದ ಮೇಲೆ ಮಡಚಿ ಹಾಕಿ. ಐದಕ್ಕೆ ನಾಲ್ಕು ಕೊಡುತ್ತೇನೆ.

ಇಂಟರ್‌ಲಾಕ್‌ಗೆ ಎರಡು. ಅದೂ ಬೆಂಗಳೂರಿನ ರಾತ್ರಿ ಎಸಿ ಬಸ್ಸಿಗಾಗಿ. ಶಿರಾಡಿ ಘಾಟಿ ಹತ್ತುವಾಗ ಮಗುವಿಗೆ ಬೆಚ್ಚಗೆ ಇರುತ್ತದೆ. ಅದಕ್ಕೆ ಒಂದು ಜೊತೆ ಸಾಕು.