ಪ್ಯೂಪಿಲ್ ಪ್ರೀಮಿಯಂ: ಒಂದು ಪ್ರಾಥಮಿಕ ಶಾಲೆಯ ಸೇವೆ ಹೇಗಿದೆ?

ಇಂಗ್ಲೆಂಡಿನಲ್ಲಿ 2011ರಿಂದ ಜಾರಿಯಲ್ಲಿರುವ ಪ್ಯೂಪಿಲ್ ಪ್ರೀಮಿಯಂ, ಅಂದರೆ ಬಡ ಕುಟುಂಬಗಳ ಮಕ್ಕಳ ಕಲಿಕೆಗೆಂದು ಸರ್ಕಾರ ಶಾಲೆಗಳಿಗೆ ಕೊಡುವ ಹೆಚ್ಚುವರಿ ಅನುದಾನವು, ಮುಖ್ಯವಾಗಿ ಕಳೆದ ಆರು ವರ್ಷಗಳಲ್ಲಿ ಒಮ್ಮೆಯಾದರೂ ಶಾಲೆಯ ಉಚಿತ ಊಟಕ್ಕೆ ಅರ್ಹರಾಗಿದ್ದ ಮಕ್ಕಳ ಲೆಕ್ಕದಲ್ಲಿ ಬರುತ್ತದೆ. 2024-25ರಲ್ಲಿ ಪ್ರಾಥಮಿಕ ಹಂತದ ತಲಾ ಮೊತ್ತ 1,480 ಪೌಂಡ್. ಈ ಹಣವನ್ನು ಆಯಾ ಮಗುವಿಗೇ ಖರ್ಚು ಮಾಡಬೇಕೆಂಬ ನಿಯಮವಿಲ್ಲ ಎಂಬುದು ನನಗೂ ತಡವಾಗಿ ತಿಳಿಯಿತು. ನನ್ನ ಮಗಳ ಶಾಲೆಯಲ್ಲಿ ಇದರ ಬಹುಪಾಲು ಓದಿನಲ್ಲಿ ಹಿಂದುಳಿದವರ ಸಣ್ಣ ಗುಂಪುಗಳಿಗೆ ವಿನಿಯೋಗವಾಗುತ್ತದೆ: ಕಾರಿಡಾರಿನ ತುದಿಯ ಮೇಜಿನ ಸುತ್ತ ನಾಲ್ಕು ಮಕ್ಕಳು, ಪದಗಳನ್ನು ಬಿಡಿಸಿ ಬಿಡಿಸಿ ಓದಿಸುವ ಒಬ್ಬ ಸಹಾಯಕ ಶಿಕ್ಷಕಿ. ಇಪ್ಪತ್ತು ನಿಮಿಷಗಳ ಈ ಪಾಠ ನಿಜಕ್ಕೂ ಫಲ ಕೊಟ್ಟಿದೆ. ಬೆಳಗಿನ ಉಪಾಹಾರದ ವ್ಯವಸ್ಥೆಯೂ ಅಚ್ಚುಕಟ್ಟು. ಆದರೆ ಪ್ರತಿವರ್ಷ ಡಿಸೆಂಬರ್ 31ರೊಳಗೆ ಪ್ರಕಟಿಸಬೇಕಾದ ವಿನಿಯೋಗದ ವಿವರಣೆಯಲ್ಲಿ ಹಿಂದಿನ ವರ್ಷದ ವಾಕ್ಯಗಳೇ ಮರುಕಳಿಸಿದ್ದವು. ಯಾವುದು ಫಲಿಸಲಿಲ್ಲವೆಂದು ಕೇಳಿದಾಗ, ಕಚೇರಿಯವರು ಅದೇ ಪುಟವನ್ನು ಮುದ್ರಿಸಿ ಕೈಗಿತ್ತರು.