ಪ್ರಾಗ್‌ನಲ್ಲಿ ಮೂರು ನಡಿಗೆ: ನಮ್ಮಷ್ಟಕ್ಕೆ, ಬಿಟ್ಟಿ, ದುಡ್ಡು ಕೊಟ್ಟು

ಪ್ರಾಗ್‌ನ ಹಳೆಯ ಪೇಟೆಯನ್ನು ನಾನೂ ಅಮ್ಮನೂ ಮೂರು ದಿನ ಮೂರು ರೀತಿಯಲ್ಲಿ ನಡೆದೆವು. ಮೊದಲ ದಿನ ನಮ್ಮಷ್ಟಕ್ಕೆ ನಾವೇ, ಎರಡನೆಯ ದಿನ ‘ಫ್ರೀ ವಾಕಿಂಗ್ ಟೂರ್’ನವರ ಹಿಂದೆ, ಮೂರನೆಯ ದಿನ ಮುಂಗಡ ಕಟ್ಟಿ ಎಂಟು ಜನರ ಗುಂಪಿನಲ್ಲಿ. ಅಮ್ಮನಿಗೆ ಅರವತ್ತೆಂಟು. ಇಂಗ್ಲಿಷ್ ಬಾರದು, ಮಂಡಿನೋವಿದೆ, ಅಭಿಪ್ರಾಯಗಳಿಗೆ ಮಾತ್ರ ಕೊರತೆಯಿಲ್ಲ.

ಮೊದಲ ದಿನ ಊರಿನ ಹೊತ್ತಿಗೆ ಒಗ್ಗಿದ ದೇಹ ನಾಲ್ಕಕ್ಕೇ ಎಬ್ಬಿಸಿತು. ಆರು ಗಂಟೆಗೆ ಚಾರ್ಲ್ಸ್ ಸೇತುವೆಯ ಮೇಲಿದ್ದೆವು. 1357ರಲ್ಲಿ ಅಡಿಗಲ್ಲು ಬಿದ್ದ, 516 ಮೀಟರ್ ಉದ್ದದ ಆ ಕಲ್ಲುಸೇತುವೆ ಹಗಲಲ್ಲಿ ಜಾತ್ರೆ. ಆ ಹೊತ್ತಿನಲ್ಲಿ ನದಿಯ ಸದ್ದು ಕೇಳುತ್ತಿತ್ತು. ಮೂವತ್ತು ವಿಗ್ರಹಗಳಲ್ಲಿ ಒಂದರ ಕೆಳಗಿನ ಲೋಹದ ಫಲಕ ಕೈ ಸವೆದು ಚಿನ್ನದಂತೆ ಹೊಳೆಯುತ್ತಿತ್ತು. ಅಮ್ಮ ಯಾರನ್ನೂ ಕೇಳದೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ‘ಇಷ್ಟು ಜನ ಮುಟ್ಟಿದ್ದಾರೆಂದರೆ ಸುಮ್ಮನೆಯೇ?’

ಆದರೆ ಗೊತ್ತಿಲ್ಲದವರಿಗೆ ಕಲ್ಲು ಕಲ್ಲೇ. ಮಧ್ಯಾಹ್ನ ಖಗೋಳ ಗಡಿಯಾರದ ಮುಂದೆ ಕತ್ತೆತ್ತಿ ನಿಂತೆವು. ಅಸ್ಥಿಪಂಜರ ಗಂಟೆ ಬಾರಿಸಿತು, ಕಿಟಕಿಯಲ್ಲಿ ಸಂತರು ಸರಿದುಹೋದರು, ಕೋಳಿ ಕೂಗಿತು, ಮುಗಿಯಿತು. ಆಮೇಲೆ ಪುರಭವನದ ಪಕ್ಕದಲ್ಲೇ ನಿಂತು, ಕೆಂಡದ ಮೇಲೆ ಸುತ್ತಿ ಸುಟ್ಟ ಟ್ರ್‌ಡೆಲ್ನಿಕ್ ಎಂಬ ಸಿಹಿ ಹಿಟ್ಟಿನ ಸುರುಳಿ ತಿಂದೆವು. ಕಾಲ ಕೆಳಗೆ ಬಿಳಿ ಕಲ್ಲಿನ ಶಿಲುಬೆಗಳಿದ್ದವು. ಅಲಂಕಾರವೆಂದುಕೊಂಡೆ.

ಅವು ಅಲಂಕಾರವಲ್ಲ ಎಂದು ಮರುದಿನ ಹೇಳಿದವನು ಬಣ್ಣದ ಕೊಡೆ ಹಿಡಿದ ಬಿಟ್ಟಿ ನಡಿಗೆಯ ಹುಡುಗ. 27 ಶಿಲುಬೆಗಳು, 27 ಜನ. ಹ್ಯಾಬ್ಸ್‌ಬರ್ಗ್ ಅರಸರ ವಿರುದ್ಧ ಎದ್ದು ಸೋತವರನ್ನು 1621ರ ಜೂನ್ 21ರಂದು ಅಲ್ಲೇ ಕೊಂದರು. ಹನ್ನೆರಡು ತಲೆಗಳನ್ನು ಸೇತುವೆಯ ಗೋಪುರಕ್ಕೆ ನೇತುಹಾಕಿ ಹತ್ತು ವರ್ಷ ಹಾಗೆಯೇ ಬಿಟ್ಟರು. ಹಿಂದಿನ ದಿನ ಸಕ್ಕರೆ ಉದುರಿಸುತ್ತ ನಿಂತಿದ್ದ ಜಾಗ ಅದು. ಟ್ರ್‌ಡೆಲ್ನಿಕ್ ಕೂಡ ಪ್ರಾಗ್‌ನ ಹಳೆಯ ತಿಂಡಿಯಲ್ಲ, ಪ್ರವಾಸಿಗರಿಗಾಗಿ ಹಬ್ಬಿದ್ದು ಎಂದು ಅವನೇ ನಕ್ಕ.

ಹುಡುಗ ಹುಟ್ಟಾ ಕಥೆಗಾರ. ಗಡಿಯಾರ ಮಾಡಿದ ಹನೂಷ್ ಬೇರೆ ಊರಿಗೆ ಇಂಥದ್ದನ್ನು ಮಾಡಿಕೊಡಬಾರದೆಂದು ಊರ ಹಿರಿಯರು ಅವನ ಕಣ್ಣು ಕೀಳಿಸಿದರಂತೆ, ಅವನು ತಡಕಾಡುತ್ತ ಹೋಗಿ ಗಡಿಯಾರವನ್ನೇ ಕೆಡಿಸಿದನಂತೆ. ನಾನು ಪಿಸುಮಾತಿನಲ್ಲಿ ಕನ್ನಡಕ್ಕೆ ತಿರುಗಿಸುತ್ತಿದ್ದಾಗ, ಮೂವತ್ತು ಜನರ ನಡುವೆ ನಾವು ಹರಟುತ್ತಿದ್ದೇವೆಂದು ತಿಳಿದು ಅವನು ಎರಡು ಸಲ ಮಾತು ನಿಲ್ಲಿಸಿ ನೋಡಿದ. ನಾನು ಅನುವಾದಿಸುವಷ್ಟರಲ್ಲಿ ಮುಂದಿನ ಮಾತು ತಪ್ಪಿಹೋಗುತ್ತಿತ್ತು. ದೊಡ್ಡ ಗುಂಪಿನ ಈ ತೊಂದರೆಗೆ ಪರಿಹಾರವಿಲ್ಲ. ಹಿಂದೆ ಉಳಿದವರಿಗೆ ಕೊಡೆ ಕಾಣುತ್ತದೆ, ಮಾತು ಕೇಳಿಸುವುದಿಲ್ಲ.

ಎರಡೂವರೆ ಗಂಟೆಯ ಕೊನೆಯಲ್ಲಿ ‘ನಿಮಗೆ ತೋಚಿದಷ್ಟು’ ಎಂದಾಗ ಅಮ್ಮನಿಗೆ ವಿವರಿಸಬೇಕಾಗಲಿಲ್ಲ. ‘ಹರಿಕಥೆ ಮುಗಿಯಿತು, ಮಂಗಳಾರತಿ ತಟ್ಟೆ ಬಂತು’ ಎಂದಳು. ತಟ್ಟೆ ಬರುವ ಮೊದಲೇ ಎದ್ದುಹೋಗುವವರು ಅಲ್ಲಿಯೂ ಇದ್ದರು. ಬಹಳಷ್ಟು ಕಡೆ ಈ ಮಾರ್ಗದರ್ಶಿಗಳೇ ಸಂಘಟಕರಿಗೆ ತಲೆಗಿಷ್ಟೆಂದು ಕಟ್ಟಬೇಕು. ಜಾರಿಕೊಂಡವರ ಪಾಲೂ ಅವರ ಜೇಬಿನಿಂದಲೇ. ನಾವು ತಲಾ 300 ಕೊರುನಾ ಕೊಟ್ಟೆವು, ಸಾವಿರ ರೂಪಾಯಿಗೆ ಮೇಲೆಯೇ ಆಯಿತು. ಬಿಟ್ಟಿ ಎಂಬ ಹೆಸರನ್ನು ನಂಬಿ ಲೆಕ್ಕ ಹಾಕಬೇಡಿ.

ಮೂರನೆಯ ದಿನದ ಮಾರ್ಗದರ್ಶಿ ಮಧ್ಯವಯಸ್ಸಿನ ಹೆಂಗಸು. ನಾನು ಅನುವಾದಿಸುವವರೆಗೆ ತಾನಾಗಿ ಕಾಯುತ್ತಿದ್ದಳು. ಗಡಿಯಾರದ ಮುಂದೆ ಹನೂಷನನ್ನು ಒಂದೇ ಮಾತಿನಲ್ಲಿ ಇಳಿಸಿಬಿಟ್ಟಳು: 1410ರಲ್ಲಿ ಅದನ್ನು ಮಾಡಿದವನು ಕಡಾನ್ ಊರಿನ ಮಿಕುಲಾಷ್, ಯಾರೂ ಯಾರ ಕಣ್ಣನ್ನೂ ಕೀಳಲಿಲ್ಲ. ಸೇತುವೆಯ ಮೇಲೂ ಹಾಗೆಯೇ. ಅಮ್ಮ ಮುಟ್ಟಿದ್ದು ನೆಪೊಮುಕ್‌ನ ಯೋಹಾನನೆಂಬ ಪಾದ್ರಿಯ ಫಲಕ. ರಾಣಿಯ ಪಾಪನಿವೇದನೆಯ ಗುಟ್ಟು ಬಿಟ್ಟುಕೊಡದ್ದಕ್ಕೆ ರಾಜ ಅವನನ್ನು ನದಿಗೆ ಎಸೆಸಿದ ಎಂದು ಹುಡುಗ ಹೇಳಿದ್ದ. ಇವಳ ಪ್ರಕಾರ 1393ರಲ್ಲಿ ನಡೆದದ್ದು ಒಂದು ಮಠಾಧಿಪತಿಯ ನೇಮಕದ ಬಗ್ಗೆ ರಾಜನಿಗೂ ಆರ್ಚ್‌ಬಿಷಪ್‌ಗೂ ಬಂದ ಜಗಳ, ಯೋಹಾನ ಆರ್ಚ್‌ಬಿಷಪ್‌ನ ಕಡೆಯವನು. ಇವಳೇ ಸರಿ. ಆದರೆ ತಟ್ಟೆ ಹಿಡಿಯಬೇಕಾದವನು ಮಠಾಧಿಪತಿಯ ನೇಮಕದ ಕಥೆ ಹೇಳಿ ಬದುಕುವುದು ಹೇಗೆ? ಕಮಾನುಗಳ ಬಗ್ಗೆ ಅರ್ಧ ಗಂಟೆ ಇವಳು ಮಾತಾಡಿದಾಗ ಅಮ್ಮ ಬೆಂಚು ಹುಡುಕಿಕೊಂಡಳು.

ಆದರೂ ಕೊಟ್ಟ ದುಡ್ಡು ಯೋಸೆಫೊವ್‌ನಲ್ಲಿ, ಅಂದರೆ ಹಳೆಯ ಯಹೂದಿ ಕೇರಿಯಲ್ಲಿ, ಸಾರ್ಥಕವಾಯಿತು. ಬಿಟ್ಟಿ ನಡಿಗೆ ಅಲ್ಲಿ ಹೊರಗಿಂದಲೇ ಬೆರಳು ತೋರಿಸಿ ಮುಂದೆ ಸಾಗಿತ್ತು. ಇವಳು ಪಿಂಕಾಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಒಳಗೆ ಕರೆದೊಯ್ದಳು. ಗೋಡೆಯ ತುಂಬ ನಾಜಿಗಳು ಕೊಂದ, ಜೆಕ್ ನಾಡಿನ ಬೊಹೀಮಿಯಾ, ಮೊರಾವಿಯಾ ಪ್ರಾಂತ್ಯಗಳ ಸುಮಾರು 78 ಸಾವಿರ ಯಹೂದಿಗಳ ಹೆಸರು. 1950ರ ದಶಕದಲ್ಲಿ ಬರೆದವು ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಅಳಿದುಹೋಗಿ, 1990ರ ದಶಕದಲ್ಲಿ ಮತ್ತೆ ಬರೆದಿದ್ದಾರೆ. ಇಷ್ಟನ್ನು ಬಾಗಿಲಲ್ಲೇ ಹೇಳಿ ಒಳಗೆ ಸುಮ್ಮನಾದಳು. ಅಮ್ಮ ಒಂದು ಮನೆತನದ ಹೆಸರಿನ ಕೆಳಗಿನ ಸಾಲುಗಳನ್ನು ಎಣಿಸತೊಡಗಿ, ಹನ್ನೊಂದಕ್ಕೆ ನಿಲ್ಲಿಸಿದಳು. ಶನಿವಾರ ಅಲ್ಲಿ ಬಾಗಿಲು ಹಾಕಿರುತ್ತದೆ, ದಿನ ನೋಡಿಕೊಂಡು ಹೋಗಿ.

ಮತ್ತೆ ಹೋದರೆ ಬಿಟ್ಟಿ ನಡಿಗೆಯನ್ನೇ ಮೊದಲ ದಿನ ಮಾಡುತ್ತೇನೆ, ಸಂಜೆ ಅದೇ ದಾರಿಯಲ್ಲಿ ನಿಧಾನವಾಗಿ ಒಬ್ಬಳೇ ನಡೆಯುತ್ತೇನೆ, ಯೋಸೆಫೊವ್‌ಗೆ ಮಾತ್ರ ದುಡ್ಡು ಕಟ್ಟುತ್ತೇನೆ. ಮಂಡಿನೋವಿನವರಿದ್ದರೆ ಸಣ್ಣ ಗುಂಪೇ ಸರಿ. ಆ ಗುಂಡುಕಲ್ಲಿನ ಬೀದಿಗಳಲ್ಲಿ ಮೂವತ್ತು ಜನ ಯಾರಿಗೂ ಕಾಯುವುದಿಲ್ಲ.

ಊರಿಗೆ ಬಂದು ಅಮ್ಮ ನೆರೆಮನೆಯವರಿಗೆ ಹೇಳಿದ್ದು ಹನೂಷನ ಕಥೆಯನ್ನೇ, ಜಕಣಾಚಾರಿಯ ಕೈಯನ್ನೂ ಜೊತೆಗೆ ಸೇರಿಸಿ. ಗಡಿಯಾರ ಮಾಡಿದವನು ಮಿಕುಲಾಷ್ ಅಲ್ಲವೇ ಅಮ್ಮ ಎಂದೆ. ‘ಇರಬಹುದು, ಅವನಿಗೇನೂ ಆಗಲಿಲ್ಲವಲ್ಲ’ ಎಂದಳು.